ತಾರೀಖಿಲ್ಲದ ಕಾರ್ಡು

ಪೋಸ್ಟ್ ಕಾರ್ಡಿನ ಮೂಲೆಯಲ್ಲಿ ತಾರೀಖು ಬರೆಯದವರನ್ನು ನಾನು ಮನುಷ್ಯರ ಸಾಲಿಗೇ ಸೇರಿಸುತ್ತಿರಲಿಲ್ಲ. ಇದು ಎಂಬತ್ತರ ದಶಕದ ಕೊನೆಯ ವರ್ಷಗಳ ಮಾತು. ನನಗೆ ನಲವತ್ತು ದಾಟಿತ್ತು. ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಘಾಟ್ಕೋಪರ್‌ನ ಒಂದು ಸೊಸೈಟಿಯ ಎರಡನೇ ಮಹಡಿಯಲ್ಲಿ ಮನೆ. ದಿನವೆಲ್ಲ ಬೇರೆಯವರು ಯೋಚಿಸಿದ ಯಂತ್ರಗಳಿಗೆ ಗೆರೆ ಎಳೆಯುವುದು ನನ್ನ ಕೆಲಸ. ಎಳೆದ ಗೆರೆಯ ಕೆಳಗೆ ಸಹಿ ಬೇರೆಯವರದು. ಇದು ನನ್ನದು ಎಂದು ಎದೆ ತಟ್ಟಿ ಹೇಳಿಕೊಳ್ಳಲು ಇದ್ದದ್ದು ಒಂದೇ, ಅಂಚೆ ಚದುರಂಗ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಇಬ್ಬರು ಆಟಗಾರರು, ಇಬ್ಬರ ಮನೆಯಲ್ಲೂ ಒಂದೊಂದು ಬೋರ್ಡು. ನನ್ನ ನಡೆಯನ್ನು ಕಾರ್ಡಿನಲ್ಲಿ ಬರೆದು ಡಬ್ಬಿಗೆ ಹಾಕಿದರೆ ಎರಡು ಮೂರು ದಿನಕ್ಕೆ ಎದುರಾಳಿಯ ಕೈಸೇರುತ್ತದೆ. ಅವನು ತನ್ನ ಬೋರ್ಡಿನ ಮೇಲೆ ನನ್ನ ಕಾಯಿ ನಡೆಸಿ, ಯೋಚಿಸಿ, ತನ್ನ ನಡೆಯನ್ನು ಬರೆದು ಕಳಿಸುತ್ತಾನೆ. ಬೋರ್ಡಿನ ಪ್ರತಿ ಮನೆಗೂ ಎರಡಂಕಿಯ ನಂಬರು. ಯಾವ ಮನೆಯಿಂದ ಯಾವ ಮನೆಗೆ ಎಂದು ಹೇಳಲು ನಾಲ್ಕು ಅಂಕಿ ಸಾಕು. ಒಂದು ಕಾರ್ಡಿಗೆ ನಾಲ್ಕು ಅಂಕಿ, ಒಂದು ಆಟಕ್ಕೆ ಹೆಚ್ಚು ಕಡಿಮೆ ಒಂದು ವರ್ಷ. ನಮ್ಮ ಪೋಸ್ಟ್‌ಮನ್ ಬಹಳ ದಿನ ನನ್ನನ್ನು ಮಟ್ಕಾ ನಂಬರು ಹಂಚುವವನೆಂದೇ ತಿಳಿದಿದ್ದ. ಒಂದು ಬೆಳಿಗ್ಗೆ ಮೆಟ್ಟಿಲಲ್ಲಿ ತಡೆದು, "ಸಾಹೇಬ್, ಆಜ್ ಕಾ ಪಕ್ಕಾ ಹೈ ಕ್ಯಾ?" ಎಂದು ಪಿಸುಗುಟ್ಟಿದ. ನಾನು ಅವನಿಗೆ ಚದುರಂಗದ ಬಗ್ಗೆ ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಅವನು ನಂಬಲಿಲ್ಲ.

ಮುಂಬಯಿಯಲ್ಲಿ ನೆಲೆಸಿದ ಮೂವತ್ತು ಜನ ಕನ್ನಡಿಗರ ಮಂಡಳಿ ನಮ್ಮದು. ಬ್ಯಾಂಕಿನವರು, ರೈಲ್ವೆಯವರು, ಇಬ್ಬರು ಮೇಷ್ಟರು, ಒಬ್ಬ ಹೋಮಿಯೋಪತಿ ಡಾಕ್ಟರು. ಒಂದು ಸುತ್ತು ಮುಗಿಯಲು ಒಂದೂವರೆ ವರ್ಷ ಹಿಡಿಯುತ್ತಿತ್ತು. ಸತತ ಮೂರು ಸುತ್ತು ನಾನೇ ಮೊದಲಿಗ. ಸಾಲದ್ದಕ್ಕೆ ಮಂಡಳಿಯ ಕಾರ್ಯದರ್ಶಿಯೂ ನಾನೇ. ಹದಿನಾಲ್ಕು ನಿಯಮಗಳನ್ನು ನಾನೇ ಬರೆದು, ಆಫೀಸಿನ ಸ್ಟೆನ್ಸಿಲ್ ಮೇಲೆ ಟೈಪು ಮಾಡಿಸಿ, ಸೈಕ್ಲೋಸ್ಟೈಲ್ ತೆಗೆಸಿ ಎಲ್ಲರಿಗೂ ಹಂಚಿದ್ದೆ. ನಿಯಮ ನಾಲ್ಕು: ತಾರೀಖು ಇಲ್ಲದ ಕಾರ್ಡು ಅಸಿಂಧು. ಒಂದು ನಡೆಗೆ ಯೋಚಿಸಲು ಮೂರು ದಿನ ಮಾತ್ರ. ಅಂಚೆಯ ಮುದ್ರೆ ಮುಕ್ಕಾಲು ಪಾಲು ಓದಲಾಗದ ಕಪ್ಪು ಮಸಿಯ ಕಲೆಯಾಗಿರುತ್ತಿತ್ತು. ಆಟಗಾರ ಕೈಯಾರೆ ತಾರೀಖು ಬರೆಯದಿದ್ದರೆ ಮೂರು ದಿನ ಎಣಿಸುವುದು ಹೇಗೆ? ವಿವಾದ ಬಂದರೆ ತೀರ್ಪು ಕಾರ್ಯದರ್ಶಿಯದು. ಕಾರ್ಯದರ್ಶಿಯೇ ಆಡುತ್ತಿದ್ದರೆ ಯಾರ ತೀರ್ಪು ಎಂದು ಯಾರೂ ಕೇಳಿರಲಿಲ್ಲ, ನಾನೂ ಬರೆದಿರಲಿಲ್ಲ.

ಹೊಸ ರಕ್ತ ಬೇಕು ಎಂದು ಡಾಕ್ಟರು ಒಂದು ಸಭೆಯಲ್ಲಿ ಗಂಟಲು ಹರಿದುಕೊಂಡ ಮೇಲೆ ಕಾಲೇಜು ಹುಡುಗರನ್ನು ಸೇರಿಸಿಕೊಂಡೆವು. ಅಬ್ಬಾ, ಆ ಹೊಸ ರಕ್ತ! ಒಬ್ಬ ಹಸಿರು ಇಂಕಿನಲ್ಲಿ ಬರೆಯುತ್ತಿದ್ದ, ನಡೆಯ ಪಕ್ಕದಲ್ಲಿ ಕ್ರಿಕೆಟ್ ಬ್ಯಾಟಿನ ಚಿತ್ರ. ಇನ್ನೊಬ್ಬ ಎರಡು ತಿಂಗಳ ಹಿಂದೆ ಸತ್ತ ಕುದುರೆಯನ್ನು ಎಬ್ಬಿಸಿ ನನ್ನ ಆನೆಯ ಮೇಲೆ ಬಿಟ್ಟ. ಮತ್ತೊಬ್ಬ ಏಪ್ರಿಲ್‌ನಲ್ಲಿ ಹೇಳದೆ ಕೇಳದೆ ಊರಿಗೆ ಹೋಗಿ, ಜೂನ್‌ನಲ್ಲಿ ಬಂದು, "ಅಂಕಲ್, ಎಲ್ಲಿ ತಕ ಬಂದಿತ್ತು ನಮ್ಮ ಗೇಮ್?" ಎಂದು ಬರೆದ. ಗೆಲ್ಲುವಾಗ ದಿನಕ್ಕೊಂದು ಕಾರ್ಡು, ಸೋಲಲು ಹತ್ತಿದ ತಕ್ಷಣ ಪತ್ತೆಯಿಲ್ಲ. ಒಬ್ಬನಂತೂ ಸೋಲು ಒಪ್ಪುವ ಬದಲು "ಬೋರ್ ಹೋ ಗಯಾ" ಎಂದು ಮೂರೇ ಮಾತು ಗೀಚಿ ಕಳಿಸಿದ. ಒಂದು ವರ್ಷ ಒಂದೇ ಆಟದ ಜೊತೆ ಬದುಕುವ ಯೋಗ್ಯತೆ ಇವರಿಗೆ ಎಲ್ಲಿಂದ ಬರಬೇಕು? ನಾನು ಪ್ರತಿ ಕಾರ್ಡಿನ ಖಾಲಿ ಜಾಗದಲ್ಲೂ ಇವರಿಗೆ ಬುದ್ಧಿ ಹೇಳುತ್ತಿದ್ದೆ. "ಆತುರ ಬೇಡ." "ಕುದುರೆಯನ್ನು ಅಂಚಿಗೆ ತಳ್ಳುವುದು ಅಜ್ಞಾನ." "ಅಕ್ಷರ ನೆಟ್ಟಗಿರಲಿ." ನನ್ನ ಹೆಂಡತಿ ಕಾರ್ಡುಗಳನ್ನು ಡಬ್ಬಿಗೆ ಹಾಕಲು ಒಯ್ಯುವಾಗ ಓದಿ ನಗುತ್ತಿದ್ದಳು.

"ರೀ, ಆಟ ಆಡ್ತಿದ್ದೀರೋ, ಪಾಠ ಮಾಡ್ತಿದ್ದೀರೋ?"

"ಎರಡೂ. ಇವರಿಗೆ ಎರಡೂ ಗೊತ್ತಿಲ್ಲ."

"ಅವರಿಗೆ ಗೊತ್ತಿಲ್ಲದೆ ಇದ್ರೆ ನಿಮಗೆ ಎಷ್ಟು ಖುಷಿ ನೋಡಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಆ ಹೊಸಬರಲ್ಲಿ ಒಬ್ಬಳು ಹುಡುಗಿ. ದಹಿಸರ್‌ನವಳು, ಜೂನಿಯರ್ ಕಾಲೇಜಿನ ಮೊದಲ ವರ್ಷ, ಹದಿನೇಳು ತುಂಬಿರಲಿಲ್ಲ. ಮುಖ ನೋಡಿರಲಿಲ್ಲ, ಕಾರ್ಡುಗಳನ್ನು ಮಾತ್ರ ನೋಡಿದ್ದೆ. ಇಡೀ ಕಾರ್ಡಿನ ನಡುವೆ ದುಂಡನೆಯ ನಾಲ್ಕು ಅಂಕಿ, ಅಷ್ಟೆ. ನಮಸ್ಕಾರ ಇಲ್ಲ, ಸಹಿ ಇಲ್ಲ, ತಾರೀಖಂತೂ ಇಲ್ಲವೇ ಇಲ್ಲ. ನನ್ನ ಬುದ್ಧಿವಾದಕ್ಕೆ ಒಂದು ಸಲವೂ ಉತ್ತರ ಬರೆದವಳಲ್ಲ. ಎರಡು ಸಲ "ತಾರೀಖು?" ಎಂದು ಕೆಂಪು ಇಂಕಿನಲ್ಲಿ ಬರೆದೆ. ಪ್ರಯೋಜನವಾಗಲಿಲ್ಲ. ಕಾರ್ಡು ಮಾತ್ರ ಒಂದು ದಿನವೂ ತಡವಾಗುತ್ತಿರಲಿಲ್ಲ, ಹಾಗಾಗಿ ಸುಮ್ಮನೆ ಸ್ವೀಕರಿಸುತ್ತ ಬಂದೆ. ನಿಜ ಹೇಳಬೇಕೆಂದರೆ, ಇವಳ ವಿಷಯದಲ್ಲಿ ನಿಯಮ ನೋಡುವ ಅಗತ್ಯ ಬೀಳುತ್ತದೆ ಎಂದು ನನಗೆ ಅನ್ನಿಸಿರಲೇ ಇಲ್ಲ.

ಆದರೆ ಈ ನಾಲ್ಕು ಅಂಕಿಯ ಹುಡುಗಿ ಒಬ್ಬೊಬ್ಬರನ್ನಾಗಿ ಹಣ್ಣು ಮಾಡುತ್ತ ಬಂದಳು. ಡಾಕ್ಟರು ಸೋತರು. ರೈಲ್ವೆಯವರು ಸೋತರು. ಮೇಷ್ಟರೊಬ್ಬರು ಡ್ರಾ ಮಾಡಿಕೊಂಡು ಮರ್ಯಾದೆ ಉಳಿಸಿಕೊಂಡರು. ಸುತ್ತಿನ ಕೊನೆಗೆ ಲೆಕ್ಕ ಹಾಕಿದಾಗ ನಾನೂ ಅವಳೂ ಸಮ, ಉಳಿದದ್ದು ನಮ್ಮಿಬ್ಬರ ಆಟ ಒಂದೇ. ಆ ಆಟಕ್ಕೆ ಆ ವರ್ಷ ಬೇರೆಯದೇ ಬೆಲೆ ಬಂದಿತ್ತು. ಬೆಂಗಳೂರಿನ ಅಂಚೆ ಚದುರಂಗದವರು ಆರು ಜನರ ತಂಡ ಕಟ್ಟಿಕೊಂಡು ಮುಂಬಯಿಗೆ ಬರುವವರಿದ್ದರು. ಮಾಟುಂಗಾದ ಒಂದು ಸಭಾಂಗಣದಲ್ಲಿ ಮುಖಾಮುಖಿ ಪಂದ್ಯ. ನಮ್ಮ ಸುತ್ತಿನಲ್ಲಿ ಗೆದ್ದವರಿಗೆ ಮೊದಲ ಬೋರ್ಡು, ಎಂದರೆ ತಂಡದ ಮುಂದಾಳಿನ ಕುರ್ಚಿ. ನಾನು ಆ ಕುರ್ಚಿಯ ಮೇಲೆ ಆಗಲೇ ಮನಸ್ಸಿನಲ್ಲಿ ಕೂತು ಆಗಿತ್ತು. ಆಫೀಸಿನಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಆಗಿತ್ತು.

ಆಟ ಅರ್ಧ ನಡೆದಿರುವಾಗ ಹುಡುಗಿಯ ತಾಯಿಯಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಧಾರವಾಡದ ಕಡೆಯವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಮಗಳ ಮಾರ್ಕು ಇಳಿದಿದೆ, ಪುಸ್ತಕ ಹಿಡಿದರೂ ಕಣ್ಣು ಬೋರ್ಡಿನ ಮೇಲೆ ಇರುತ್ತದೆ ಎಂದು ಬರೆದಿದ್ದರು. ತಾಯಿ ಮಗಳ ನಡುವೆ ಒಂದು ಒಪ್ಪಂದ ಆಗಿದೆಯಂತೆ. ಈ ಸುತ್ತು ಗೆದ್ದರೆ ಅವಳು ಆಟ ಮುಂದುವರಿಸಬಹುದು, ಹಾಲ್‌ಗಳಲ್ಲಿ ನಡೆಯುವ ದೊಡ್ಡ ಪಂದ್ಯಗಳಿಗೂ ತಾಯಿಯೇ ಕರೆದುಕೊಂಡು ಹೋಗುತ್ತಾರೆ. ಸೋತರೆ ಬೋರ್ಡು ಅಟ್ಟಕ್ಕೆ. "ನನಗ ಈ ಆಟ ತಿಳಿಯೂದಿಲ್ಲ. ನೀವು ಹಿರಿಯರು, ತಿಳಿದವರು. ಈಕಿಯಲ್ಲಿ ನಿಜವಾಗಿ ಏನಾದರೂ ಇದ್ದರ ಮುಚ್ಚುಮರೆ ಇಲ್ಲದ ಹೇಳಬೇಕು," ಎಂದು ಕೊನೆಯಲ್ಲಿ ಕೇಳಿಕೊಂಡಿದ್ದರು. ನಾನು ಆ ಪತ್ರವನ್ನು ಎರಡು ಸಲ ಓದಿ, ಒಂದು ಕಾರ್ಡಿನಲ್ಲಿ ಗಂಭೀರವಾಗಿ ಉತ್ತರಿಸಿದೆ: "ಪಂದ್ಯ ಮುಗಿಯಲಿ, ನಂತರ ನನ್ನ ಅಭಿಪ್ರಾಯ ತಿಳಿಸುತ್ತೇನೆ." ಎಂತಹ ನ್ಯಾಯಾಧೀಶನ ಗತ್ತು! ಈಗ ನೆನೆದರೆ ಆ ಮನುಷ್ಯನ ಕಪಾಳಕ್ಕೆ ಬಿಗಿಯಬೇಕು ಎನ್ನಿಸುತ್ತದೆ.

ಇಲ್ಲಿ ಅಂಚೆ ಚದುರಂಗದ ಒಂದು ಪದ್ಧತಿ ಹೇಳಬೇಕು. ದಿನ ಉಳಿಸಲು ಒಂದೇ ಕಾರ್ಡಿನಲ್ಲಿ ಮುಂದಿನ ನಡೆಯನ್ನೂ ಬರೆಯಬಹುದು. "ನೀನು ಇದನ್ನು ಆಡಿದರೆ ನಾನು ಇದನ್ನು ಆಡುತ್ತೇನೆ." ಇದನ್ನು ಷರತ್ತಿನ ನಡೆ ಎನ್ನುತ್ತಿದ್ದೆವು. ಎದುರಾಳಿ ಹಾಗೇ ಆಡಿದರೆ ನಿಮ್ಮ ಉತ್ತರ ಆಗಲೇ ಕೊಟ್ಟಂತೆ, ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಇದರಲ್ಲೇ ಇನ್ನೂ ಸೊಕ್ಕಿನದು ಒಂದಿತ್ತು: "ನೀನು ಏನೇ ಆಡು, ನನ್ನ ಮುಂದಿನ ನಡೆ ಇದೇ." ನೀನು ಏನು ಮಾಡಿದರೂ ನನಗೆ ಲೆಕ್ಕಕ್ಕಿಲ್ಲ ಎಂದು ಮುಖದ ಮೇಲೆ ಹೇಳಿದ ಹಾಗೆ. ಸಮಬಲದ ಹಿರಿಯರ ಜೊತೆ ನಾನು ಇದನ್ನು ಯಾವತ್ತೂ ಬಳಸಿದವನಲ್ಲ. ಹುಡುಗರಿಗೆ ಮಾತ್ರ ಬಳಸುತ್ತಿದ್ದೆ.

ನಮ್ಮ ಆಟ ಇಪ್ಪತ್ಮೂರನೇ ನಡೆಗೆ ಬಂದಿತ್ತು. ನನ್ನ ಮಂತ್ರಿ ಅವಳ ರಾಜನ ಬಾಗಿಲಿಗೇ ಹೋಗಿ ನಿಲ್ಲುವ ನಡೆ ಅದು. ಅದರ ಬೆನ್ನಿಗೆ ಒಂದು ಆನೆಯನ್ನು ತಂದು ನಿಲ್ಲಿಸಿದರೆ ಮುಗಿಯಿತು, ಕಥೆ ಕೈಲಾಸ. ಅಂದು ಭಾನುವಾರ, ಮಂಡಳಿಯ ಕೆಲಸದ ಹತ್ತು ಕಾರ್ಡು ಬರೆಯುವುದಿತ್ತು, ಊಟಕ್ಕೆ ಏಳಲು ಕರೆ ಬಂದಿತ್ತು. ಮಂತ್ರಿಯ ನಡೆ ಬರೆದು, ಅದರ ಕೆಳಗೆ ಆನೆಯ ನಡೆಯನ್ನೂ ಬರೆದೆ. "ನೀನು ಏನೇ ಆಡು, ಮುಂದಿನದು ಇದು. ನಿನ್ನ ಕಾರ್ಡುಗಳನ್ನು ಉಳಿಸುತ್ತಿದ್ದೇನೆ. ಇನ್ನಾದರೂ ತಾಳ್ಮೆ ಕಲಿ," ಎಂದು ಸೇರಿಸಿದೆ. ಓದಿಕೊಂಡೆ, ನನಗೇ ಮೆಚ್ಚಿಗೆಯಾಯಿತು.

ಐದನೇ ದಿನ ಅವಳ ಕಾರ್ಡು ಬಂತು. ಕೆಲಸಕ್ಕೆ ಹೊರಡುವ ಮುಂಚೆ, ಕೈಯಲ್ಲಿ ಟಿಫಿನ್ ಹಿಡಿದುಕೊಂಡೇ ನೋಡಿದೆ. ನಾಲ್ಕು ಅಂಕಿಯ ಬದಲು ಎಂಟು ಅಂಕಿ. ಎರಡು ನಡೆ. ಬೋರ್ಡಿನ ಹತ್ತಿರ ಹೋಗಿ ಮೊದಲನೆಯದನ್ನು ಇಟ್ಟೆ. ರಾಜನ ಮುಂದಿದ್ದ ಕಾಲಾಳನ್ನು ಒಂದು ಮನೆ ಮುಂದಕ್ಕೆ ತಳ್ಳಿದ್ದಳು. ನಗು ಬಂತು. ರಾಜನ ಬಾಗಿಲು ತಾನೇ ತೆಗೆದುಕೊಟ್ಟಿದ್ದಾಳೆ, ನನ್ನ ಮಂತ್ರಿ ಪಕ್ಕಕ್ಕೆ ಸರಿದು ಒಳಗೆ ನುಗ್ಗಿದರೆ ಎರಡೇ ನಡೆಯಲ್ಲಿ ಮಾತ್. ಯಾವ ಹುಚ್ಚರೂ ಆಡದ ನಡೆ. ಹಾಗೆಂದುಕೊಂಡು ಮಂತ್ರಿಗೆ ಕೈ ಹಾಕಿದವನು ಅಲ್ಲೇ ನಿಂತೆ. ನನ್ನ ಮಂತ್ರಿ ಎಲ್ಲಿಗೂ ಸರಿಯುವಂತಿರಲಿಲ್ಲ. ನನ್ನ ನಡೆ ಮೊದಲೇ ಬರೆದು ಕೊಟ್ಟಾಗಿತ್ತು, ಆನೆ. ಏನೇ ಆಡು, ಆನೆ. ಅವಳ ಕಾಲಾಳು ಮುಂದೆ ಬಂದು ನನ್ನ ಮಂತ್ರಿಯ ಕಡೆ ಓರೆಯಾಗಿ ಮುಖ ಮಾಡಿ ನಿಂತಿತ್ತು. ನಾನು ಆನೆಯನ್ನು ನಡೆಸಿದ ಮೇಲೆ ಅವಳ ಎರಡನೇ ನಡೆ: ಕಾಲಾಳು ಮಂತ್ರಿಯನ್ನು ಹೊಡೆಯಿತು.

ಯಾರೂ ಆಡದ ನಡೆ ಎಂದರೆ, ಕೈಕಾಲು ಬಿಡುವಾಗಿರುವ ಎದುರಾಳಿಯ ಮುಂದೆ ಯಾರೂ ಆಡದ ನಡೆ. ನಾನು ನನ್ನ ಕೈಯನ್ನು ನಾನೇ ಕಟ್ಟಿಕೊಂಡು ಕೊಟ್ಟಿದ್ದೆ. ಇಡೀ ಮಂಡಳಿಯಲ್ಲಿ ಆ ಗಂಟನ್ನು ನೋಡಿ, ಅದಕ್ಕೆ ಸರಿಯಾಗಿ ತನ್ನ ರಾಜನನ್ನೇ ಬಯಲಿಗೆ ಬಿಡುವ ಎದೆಗಾರಿಕೆ ಇನ್ನೊಬ್ಬರಿಗೆ ಇರಲಿಲ್ಲ. ಅಂದು ನನಗೆ ಅನ್ನಿಸಿದ್ದು ಅದಲ್ಲ. ಮೈ ಉರಿಯಿತು. ನಾಚಿಕೆಯಾಯಿತು, ಆ ನಾಚಿಕೆ ಸಿಟ್ಟಾಯಿತು. ಇಷ್ಟುದ್ದದ ಹುಡುಗಿ, ಒಂದು ನಮಸ್ಕಾರ ಬರೆಯಲು ಗೊತ್ತಿಲ್ಲದವಳು, ನನ್ನ ಮಂತ್ರಿಯನ್ನು ಕಾಲಾಳಿನಿಂದ ಹೊಡೆದಿದ್ದಾಳೆ! ವಿಕ್ರೋಳಿಗೆ ಒಂದೇ ಸ್ಟೇಷನ್ನು. ಅಂದು ಅದನ್ನೂ ಮರೆತು ಮುಂದಿನ ಸ್ಟೇಷನ್ನಿನಲ್ಲಿ ಇಳಿದೆ.

ಆಫೀಸಿನಲ್ಲಿ ಡ್ರಾಯಿಂಗ್ ಬೋರ್ಡಿನ ಮೇಲೆ ಕಾರ್ಡನ್ನು ಇಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿದೆ. ಸಂಜೆ ಮನೆಗೆ ಬಂದು ಮತ್ತೆ ತಿರುಗಿಸಿದೆ. ಅಂಚೆಯ ಮುದ್ರೆ ಆ ಒಂದು ಸಲ ಕನ್ನಡಿಯ ಹಾಗೆ ಸ್ಪಷ್ಟವಾಗಿತ್ತು, ದಹಿಸರ್, ಅವಧಿಯ ಒಳಗೇ. ಮೂಲೆಯಲ್ಲಿ ತಾರೀಖು ಮಾತ್ರ ಇರಲಿಲ್ಲ. ಹಿಂದಿನ ಇಪ್ಪತ್ತೆರಡು ಕಾರ್ಡುಗಳಲ್ಲೂ ಇರಲಿಲ್ಲ. ಆ ಇಪ್ಪತ್ತೆರಡನ್ನೂ ನಾನು ಸ್ವೀಕರಿಸಿದ್ದೆ. ಇಪ್ಪತ್ಮೂರನೆಯದರ ಮೇಲೆ ಕೆಂಪು ಇಂಕಿನಲ್ಲಿ "ಅಸಿಂಧು. ನಿಯಮ ನಾಲ್ಕು" ಎಂದು ಬರೆದು, ಲಕೋಟೆಯಲ್ಲಿಟ್ಟು ವಾಪಸ್ ಕಳಿಸಿದೆ.

ಅಷ್ಟಕ್ಕೇ ಬಿಟ್ಟರೆ ಅವಳು ಅದೇ ನಡೆಯನ್ನು ತಾರೀಖು ಹಾಕಿ ಮತ್ತೆ ಕಳಿಸುತ್ತಿದ್ದಳು. ನನ್ನ "ಏನೇ ಆಡು" ಹಾಗೇ ನಿಂತಿರುತ್ತಿತ್ತು. ಅದಕ್ಕೂ ದಾರಿ ಹುಡುಕಿದೆ. ಕಾರ್ಡು ಅಸಿಂಧುವಾದರೆ ಎದುರಾಳಿಯ ಷರತ್ತಿನ ನಡೆಯೂ ತಾನಾಗಿ ರದ್ದಾಗುತ್ತದೆ ಎಂದು ನಿಯಮ ನಾಲ್ಕಕ್ಕೆ ಒಂದು ಸ್ಪಷ್ಟೀಕರಣ ಬರೆದು, ಪ್ರತಿಗಳನ್ನು ತೆಗೆಸಿ ಎಲ್ಲ ಸದಸ್ಯರಿಗೂ ಕಳಿಸಿದೆ. ಯಾವ ಆಟ, ಯಾರ ಕಾರ್ಡು, ಒಂದೂ ಅದರಲ್ಲಿ ಇರಲಿಲ್ಲ. ಒಬ್ಬರೂ ಪ್ರಶ್ನಿಸಲಿಲ್ಲ. ರೈಲ್ವೆಯವರು, "ಶಿಸ್ತು ಅಂದ್ರೆ ಇದು. ಈ ಹುಡುಗರಿಗೆ ಹೀಗೇ ಆಗಬೇಕು," ಎಂದು ನನ್ನನ್ನು ಹೊಗಳಿ ಕಾರ್ಡು ಹಾಕಿದರು. ಅದನ್ನು ನಾನು ಜೋಪಾನವಾಗಿ ಫೈಲಿನಲ್ಲಿ ಸೇರಿಸಿದೆ.

ಲಕೋಟೆಯನ್ನು ಡಬ್ಬಿಗೆ ಹಾಕಬೇಕಾದವಳು ನನ್ನ ಹೆಂಡತಿ. ಅಂಟಿಸುವ ಮುಂಚೆ ನೋಡಿದ್ದಳು.

"ಅಲ್ಲಾ ರೀ, ಆ ಹುಡುಗಿ ಯಾವತ್ತು ತಾರೀಖು ಬರೆದಿದ್ಲು? ಇವತ್ತು ಕಾಣಿಸ್ತಾ ನಿಮಗೆ?"

"ನಿಯಮ ನಿಯಮಾನೇ."

"ಸೋತಿರಾ?"

ನಾನು ಕೆಂಪು ಪೆನ್ನಿನ ಮುಚ್ಚಳ ತಿರುಗಿಸಿ ಹಾಕಿದೆ.

"ಸೋತಿದ್ರೆ ಸೋತೆ ಅಂತ ಬರೀರಿ. ಮಗೂನ ಮುಂದೆ ಸೋತ್ರೆ ಏನು ಮೂಗು ಹೋಗುತ್ತಾ?" ಎಂದಳು. ನಿನಗೆ ಆಟ ಗೊತ್ತಿಲ್ಲ, ಸುಮ್ಮನಿರು ಎಂದು ಗದರಿದೆ. ಅವಳು ಲಕೋಟೆಯನ್ನು ಟೀಪಾಯಿಯ ಮೇಲೆ ಇಟ್ಟು ಒಳಗೆ ಹೋದಳು. ಅದೊಂದನ್ನು ನಾನೇ ಒಯ್ದು ಡಬ್ಬಿಗೆ ಹಾಕಿ ಬಂದೆ.

ನಾನು ಬೈಗುಳ ಬರುತ್ತದೆ ಎಂದು ಕಾಯುತ್ತಿದ್ದೆ. ಒಂದು ಉದ್ದ ಪತ್ರ, ಅದರಲ್ಲಿ ಅನ್ಯಾಯ, ಮೋಸ ಎಂಬ ಮಾತುಗಳು. ಅದಕ್ಕೆ ಉತ್ತರವನ್ನೂ ಮನಸ್ಸಿನಲ್ಲೇ ಸಿದ್ಧ ಮಾಡಿಟ್ಟಿದ್ದೆ. ಬಂದದ್ದು ಒಂದು ಕಾರ್ಡು. ನಡುವೆ ನಾಲ್ಕು ಅಂಕಿ, ಮೂಲೆಯಲ್ಲಿ ತಾರೀಖು, ಅದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ವಾರದ ಹೆಸರು ಕೂಡ. ಕಾಲಾಳಿನ ನಡೆ ಅಲ್ಲ. ಈಗ ನನ್ನ ಕೈ ಬಿಡುವಾಗಿತ್ತಲ್ಲ, ಅದನ್ನು ಆಡಿದ್ದರೆ ಅವಳೇ ಸಾಯುತ್ತಿದ್ದಳು. ರಾಜನನ್ನು ಕಾಯಲು ಒಂಟೆಯನ್ನು ಹಿಂದಕ್ಕೆ ಎಳೆದುಕೊಂಡಿದ್ದಳು. ಒಂದು ಮಾತಿಲ್ಲ, ಒಂದು ದೂರಿಲ್ಲ. ಅಲ್ಲಿಂದ ಮುಂದೆ ಪ್ರತಿ ಕಾರ್ಡಿನಲ್ಲೂ ತಾರೀಖು, ವಾರ. ನೋಡಿದೆಯಾ, ಕಲಿಸಿದರೆ ಕಲಿಯುತ್ತಾರೆ ಎಂದು ಹೆಂಡತಿಗೆ ತೋರಿಸಿದೆ. ಅವಳು ಕಾರ್ಡನ್ನು ಮುಟ್ಟಲೂ ಇಲ್ಲ.

ಆಟ ಇನ್ನೂ ಐದು ತಿಂಗಳು ಎಳೆಯಿತು. ಮಂತ್ರಿ ಉಳಿಸಿಕೊಂಡವನು ನಾನು, ಆದರೂ ಅವಳು ಒಂದೊಂದು ಮನೆಗೂ ಬೆವರಿಳಿಸಿದಳು. ಅವಳ ಕಾರ್ಡಿಗೆ ಕಾಯುವ ಸಂಜೆಗಳಲ್ಲಿ ನಾನು ಬೋರ್ಡಿನ ಮೇಲೆ ನಡೆಯುತ್ತಿದ್ದ ಆಟ ನೋಡುವುದನ್ನು ಬಿಟ್ಟು, ಕಾಯಿಗಳನ್ನು ಹಿಂದಕ್ಕೆ ಜೋಡಿಸಿ, ಆ ರದ್ದಾದ ನಡೆಯನ್ನು ಮತ್ತೆ ಮತ್ತೆ ಇಟ್ಟು ನೋಡುತ್ತಿದ್ದೆ. ಮಂತ್ರಿ ಹೋದ ಮೇಲೆ ನನಗೆ ಏನಾದರೂ ಉಳಿಯುತ್ತಿತ್ತೇ? ಎಲ್ಲೋ ಒಂದು ಕಡೆ ಅವಳ ಎಣಿಕೆ ತಪ್ಪಿರಬೇಕು, ತಪ್ಪಿದ್ದರೆ ನಾನು ಮಾಡಿದ್ದು ಅಷ್ಟೇನೂ ದೊಡ್ಡದಲ್ಲ. ಇಪ್ಪತ್ತು ಸಂಜೆ ಹುಡುಕಿದೆ. ತಪ್ಪು ಸಿಗಲಿಲ್ಲ. ಕೊನೆಗೆ ಒಂದು ಕಾಲಾಳು ಹೆಚ್ಚಿದ್ದ ಬಲದ ಮೇಲೆ ನಾನು ಗೆದ್ದೆ. "ಸೋಲು ಒಪ್ಪಿದೆ" ಎಂದು ಕಾರ್ಡು ಬಂತು. ಅವಳ ಕೈಯಿಂದ ನಾನು ಓದಿದ ಮೊದಲ ಕನ್ನಡದ ಅಕ್ಷರಗಳು ಅವು. ಪಿನ್ನು ಚುಚ್ಚಿದಂತೆ ಒಂದೊಂದು ಅಕ್ಷರವನ್ನೂ ಬೇರೆ ಬೇರೆಯಾಗಿ ಬರೆದಿದ್ದಳು, ಯಾರನ್ನೋ ಕೇಳಿ ಬರೆದ ಹಾಗೆ.

ಮಾಟುಂಗಾದ ಸಭಾಂಗಣದಲ್ಲಿ ನಾನು ಮೊದಲ ಬೋರ್ಡಿನಲ್ಲಿ ಕೂತೆ. ಎರಡನೇ ಬೋರ್ಡು ಆ ಹುಡುಗಿಗೆ ಸಲ್ಲಬೇಕಿತ್ತು, ತಾಯಿಯ ಜೊತೆಗಿನ ಒಪ್ಪಂದದಂತೆ ಅವಳು ತಂಡ ಸೇರಿರಲಿಲ್ಲ. ಇಸ್ತ್ರಿ ಮಾಡಿದ ಷರಟು, ಜೇಬಿನಲ್ಲಿ ಎರಡು ಪೆನ್ನು. ಎದುರಿಗೆ ಕೂತವನು ಬೆಂಗಳೂರಿನ ಒಬ್ಬ ಎಂಜಿನಿಯರು, ಮೂವತ್ತರ ಒಳಗಿನವನು. ಕಾರ್ಡಿನ ಮೇಲೆ ಮೂರು ದಿನ ಯೋಚಿಸುವ ನನ್ನ ತಲೆಗೆ ಗಡಿಯಾರದ ಟಿಕ್ ಟಿಕ್ ಒಗ್ಗಲಿಲ್ಲ. ಭಯವಾಯಿತು ಎಂದು ನೇರವಾಗಿಯೇ ಹೇಳುತ್ತೇನೆ. ಹದಿನಾರನೇ ನಡೆಗೆ, ಇನ್ನೂ ಯಾರ ಕಾಯಿಗೂ ಪೆಟ್ಟು ಬೀಳುವ ಮುಂಚೆ, ಡ್ರಾ ಕೇಳಿದೆ. ಅವನು ಭುಜ ಕುಣಿಸಿ ಕೈ ಕೊಟ್ಟ. ಅದಕ್ಕೂ ಚಪ್ಪಾಳೆ ಬಿತ್ತು. ಈ ಹೇಡಿತನಕ್ಕಾಗಿ ಆ ಕುರ್ಚಿ ಬೇಕಿತ್ತು ನನಗೆ.

ಚಹಾ ಕುಡಿಯುತ್ತ ನಿಂತಿದ್ದಾಗ ಒಬ್ಬ ಹೆಂಗಸು ಹತ್ತಿರ ಬಂದರು. ಹತ್ತಿ ಸೀರೆ, ಹೆಗಲಲ್ಲಿ ಆಫೀಸಿನ ಬ್ಯಾಗು. ಹಿಂದೆ ಎರಡು ಜಡೆಯ, ಸಣಕಲು ಹುಡುಗಿ, ಕೈಯಲ್ಲಿ ನೋಟ್‌ಬುಕ್ಕು. ಆ ಬೆಳಿಗ್ಗೆಯ ಆರೂ ಬೋರ್ಡಿನ ನಡೆಗಳನ್ನು ಅದರಲ್ಲಿ ಬರೆದುಕೊಂಡಿದ್ದಳು.

"ಸರ್, ನಾನು ದಹಿಸರ್‌ನಿಂದ ಪತ್ರ ಬರೆದಿದ್ನೆಲ್ರಿ. ಈಕಿ ನನ್ನ ಮಗಳು."

ಹುಡುಗಿ "ನಮಸ್ತೆ ಅಂಕಲ್" ಎಂದಳು. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ.

"ಈಕಿ ಭಾಳ ಚಂದ ಹೇಳಿದ್ಲ್ರಿ, ಅಂಕಲ್ ಕಾರ್ಡ್ ವಾಪಸ್ ಕಳಿಸಿದ್ರು, ತಾರೀಖು ಹಾಕಿದ್ದಿಲ್ಲ, ತಪ್ಪು ನಂದ ಅಂತ. ಈಗ ಕಾಲೇಜಿನ ನೋಟ್ಸಿನಾಗೂ ತಾರೀಖು ಹಾಕ್ತಾಳ ನೋಡ್ರಿ. ನಿಮ್ಮಿಂದ ಅಷ್ಟರ ಕಲ್ತಳು," ಎಂದು ತಾಯಿ ಕೈ ಮುಗಿದರು. ನಾನೂ ಕೈ ಮುಗಿದೆ. ಆ ಕ್ಷಣದಲ್ಲಿ ನೆಲ ಬಾಯಿ ಬಿಡಬೇಕಿತ್ತು ಎಂದು ಈಗ ಬರೆಯಬಹುದು. ಅಂದು ನನಗೆ ಹಾಯೆನಿಸಿತು. ಇವರಿಗೆ ಏನೂ ತಿಳಿದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

"ಈಗ ನೀವು ಹೇಳ್ರಿ ಸರ್. ಸೋತಾಳ, ಮಾತಿನ ಪ್ರಕಾರ ಬಿಡಬೇಕು. ಆದ್ರೂ ನಿಮ್ಮ ಬಾಯಿಂದ ಒಂದು ಮಾತು ಕೇಳೋಣಂತ ರಜಾ ಹಾಕಿ ಬಂದೀನಿ. ಈಕಿ ಕಡೆ ಏನರ ಐತೇನ್ರಿ? ಐತಿ ಅಂದ್ರ ನಾ ಬಿಡಿಸೂದಿಲ್ಲ."

ಅವರು ಕೇಳಿದ್ದು ಒಂದು ಮಾತು. ನಿಮ್ಮ ಮಗಳು ಗೆದ್ದಿದ್ದಳು ಎಂದೂ ಹೇಳಬೇಕಾಗಿರಲಿಲ್ಲ. ಇದೆ ಎಂದಿದ್ದರೆ ಸಾಕಿತ್ತು. ನನ್ನ ಗುಟ್ಟು ನನ್ನ ಹತ್ತಿರವೇ ಉಳಿಯುತ್ತಿತ್ತು, ಹುಡುಗಿಯ ಬೋರ್ಡೂ ಉಳಿಯುತ್ತಿತ್ತು. ಆದರೆ ಇದೆ ಎಂದರೆ ಅವಳು ಮುಂದಿನ ಸುತ್ತಿಗೂ ಬರುತ್ತಾಳೆ. ಮತ್ತೆ ನನ್ನೆದುರು ಕೂರುತ್ತಾಳೆ. ಚಹಾದ ಕಪ್ಪು ಕೆಳಗಿಟ್ಟು, ಮೇಷ್ಟರ ಧಾಟಿಯಲ್ಲಿ ಹೇಳಿದೆ.

"ಚುರುಕಿದ್ದಾಳೆ, ಇಲ್ಲ ಅನ್ನಲ್ಲ. ಆದ್ರೆ ಚುರುಕು ಈ ವಯಸ್ಸಲ್ಲಿ ಎಲ್ಲರಿಗೂ ಇರುತ್ತಮ್ಮ. ಇದಕ್ಕೆ ಶಿಸ್ತು ಬೇಕು, ಆಳ ಬೇಕು. ಸದ್ಯಕ್ಕೆ ಓದಿನ ಕಡೆ ಗಮನ ಕೊಡ್ಲಿ."

ತಾಯಿ ತಲೆಯಾಡಿಸಿ ಮಗಳ ಬೆನ್ನ ಮೇಲೆ ಕೈ ಇಟ್ಟರು. ಅವರ ಮುಖದಲ್ಲಿ ಬೇಸರವೂ ಇತ್ತು, ಒಂದು ನಿರ್ಧಾರ ಸುಲಭವಾದ ಸಮಾಧಾನವೂ ಇತ್ತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕನ್ನಡದ ಮಾತುಗಳನ್ನು ಒಂದೊಂದಾಗಿ ಹುಡುಕಿಕೊಂಡು ಕೇಳಿದಳು.

"ಅಂಕಲ್, ಒಂದು ಪೂಛೂ ಕ್ಯಾ? ಆ ವಾಪಸ್ ಬಂದ ಕಾರ್ಡಿನಾಗ... ನಾ ಪ್ಯಾದಾ... ಕಾಲಾಳು ಮುಂದ ಹಾಕಿದ್ದೆ ನಾ. ರಾಜಾನ ಮುಂದಿಂದು. ಅದು ಬರೋಬರ್ ಇತ್ತಾ?"

ಗೆಲುವಿನ ಬಗ್ಗೆ ಕೇಳಲಿಲ್ಲ. ತಾರೀಖಿನ ಬಗ್ಗೆಯೂ ಇಲ್ಲ. ನಡೆ ಸರಿಯಿತ್ತೇ ಎಂಬುದೊಂದೇ ಅವಳಿಗೆ ಬೇಕಾಗಿತ್ತು. ಇಷ್ಟು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಕೇಳಲು ದಹಿಸರ್‌ನಿಂದ ಬಂದಿದ್ದಳು. ಅದಕ್ಕೆ ಉತ್ತರ ಹೇಳಬಲ್ಲವನು ಆ ಇಡೀ ಸಭಾಂಗಣದಲ್ಲಿ ನಾನೊಬ್ಬನೇ.

"ಅಸಿಂಧು ಕಾರ್ಡಿನ ನಡೇನ ನಾನು ಬೋರ್ಡ್ ಮೇಲೆ ಇಟ್ಟು ನೋಡೋದೇ ಇಲ್ಲಮ್ಮ," ಎಂದೆ.

"ಅಚ್ಛಾ," ಎಂದಳು. ಸ್ವಲ್ಪ ಹೊತ್ತು ನೋಟ್‌ಬುಕ್ಕಿನ ಅಂಚನ್ನು ಉಗುರಿನಿಂದ ಕೆರೆದಳು. "ಹಂಗಾದ್ರ ಗಲತ್ ಇರಬೇಕು. ಮೇರಾ ರಾಜಾ ಪೂರಾ ಖುಲ್ಲಾ ಆಗ್ತಿದ್ದ. ನನಗೂ ಡೌಟ್ ಇತ್ತು."

"ಇರಬಹುದು," ಎಂದೆ.

ಇಬ್ಬರೂ ದಾದರ್ ಕಡೆಯ ಬಸ್ಸು ಹಿಡಿಯಬೇಕು ಎಂದು ಹೊರಟರು. ಹುಡುಗಿ ಬಾಗಿಲಿನ ಹತ್ತಿರ ಕುರ್ಚಿಯೊಂದರ ಮೇಲೆ ನೋಟ್‌ಬುಕ್ಕನ್ನು ಬಿಟ್ಟು ಹೋದಳು. ಮರೆತಳೆಂದುಕೊಂಡು ಯಾರೋ ಕರೆದರು. ಅವಳು ತಿರುಗಿ ನೋಡಿ, ಬೇಡ ಎನ್ನುವಂತೆ ಕೈಯಾಡಿಸಿದಳು.

ಮುಂದಿನ ಸುತ್ತಿನ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಉಳಿದ ಹುಡುಗರೂ ಒಬ್ಬೊಬ್ಬರಾಗಿ ಉದುರಿದರು. ವಾರ್ಷಿಕ ಸಭೆಯಲ್ಲಿ ನಮ್ಮ ಮನೆಯ ಡ್ರಾಯಿಂಗ್ ರೂಮಿನ ಚಾಪೆಯ ಮೇಲೆ ಕೂತು ಡಾಕ್ಟರು ಕೇಳಿದರು, ಆ ದಹಿಸರ್‌ನ ಹುಡುಗಿ ತಮ್ಮನ್ನೇ ಸೋಲಿಸಿದವಳು, ಅವಳು ಯಾಕೆ ಬಿಟ್ಟಳು ಎಂದು. ನನ್ನ ಹೆಂಡತಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಕನ್ನಡಕ ತೆಗೆದು ಒರೆಸಿಕೊಂಡು, ಈಗಿನ ಮಕ್ಕಳಿಗೆ ಒಂದು ಸೋಲನ್ನು ತಡೆದುಕೊಳ್ಳುವ ಶಕ್ತಿ ಇಲ್ಲ ಎಂದೆ. ಎಲ್ಲರೂ ಹೌದು ಹೌದು ಎಂದರು.